ಅಕ್ಕೋರ ಆರು ಸಾವಿರ ವರ್ಷ

ಅಕ್ಕೋರು ತೀರಿಕೊಂಡರೆಂದು ಸಿರುಗುಪ್ಪದಿಂದ ಕಾರ್ಡು ಬಂದಾಗ ನಾನು ತರಗತಿಯಲ್ಲಿದ್ದೆ. ಓದಿ ಮಡಿಚಿಟ್ಟು ಪಾಠ ಮುಂದುವರಿಸಿದೆ. ನಿಲ್ಲಿಸಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಊರಿನ ದೊಡ್ಡವರು ಯಾರಾದರೂ ಸತ್ತು ಶಾಲೆಗೆ ರಜೆ ಕೊಟ್ಟಾಗಲೆಲ್ಲ, "ಸತ್ತವರಿಗೆ ರಜಾ ತಗೊಂಡು ಏನಾಗಬೇಕು, ಬದುಕಿದ ಹುಡುಗ್ಯಾರಿಗೆ ಪಾಠ ಬೇಕು" ಎಂದು ಗೊಣಗುತ್ತಿದ್ದವರು ಅವರು.

ಅವರಿಗೊಂದು ಚೆಂದದ ಹೆಸರಿತ್ತು, ಬೈಬಲ್ಲಿನಿಂದ ತೆಗೆದದ್ದು. ಶಾಲೆಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ಟೀಚರಿಗೆಲ್ಲ ಅಕ್ಕೋರು ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಹತ್ತು ಮಂದಿ ಅಕ್ಕೋರಿದ್ದರೂ ಬರೀ ಅಕ್ಕೋರು ಅಂದರೆ ಅವರೊಬ್ಬರೇ. ಇಲ್ಲೂ ಹಾಗೆಯೇ ಇರಲಿ.

ನಾನು ಬಳ್ಳಾರಿಯ ಆ ಮಿಷನ್ ಶಾಲೆಗೆ ಸೇರಿದ್ದು ನಲವತ್ತಾರರಲ್ಲಿ. ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು. ಟ್ರೇನಿಂಗು ಮುಗಿಸಿ ಕುರುಗೋಡಿನ ನಮ್ಮ ಮನೆಯಲ್ಲಿ ಕೂತಿದ್ದ ನನಗೆ ಆರ್ಡರು ಬಂದಾಗ ದೊಡ್ಡಪ್ಪ ಮೂರು ದಿನ ಊಟ ಬಿಟ್ಟರು. ಕಿರಿಸ್ತಾನರ ಸಾಲಿಗೆ ಹೋದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆಂದು ಅವರ ಭಯ. ಕೊನೆಗೆ ಅಪ್ಪ ನನ್ನನ್ನು ಕರೆತಂದು ಶಾಲೆಯ ಗೇಟಿನ ಮುಂದೆ ನಿಂತು, ಒಳಗೆ ಬರಲು ಹಿಂಜರಿಯುತ್ತಿದ್ದಾಗ ಕಪ್ಪು ಕೊಡೆ ಹಿಡಿದ ಒಬ್ಬ ಹೆಂಗಸು ಎದುರಾದರು. ಐವತ್ತು ದಾಟಿದ ವಯಸ್ಸು, ಬಿಳೀ ಸೀರೆ, ಕರೀ ಅಂಚು, ಸೊಂಟದಲ್ಲಿ ಸಿಗಿಸಿದ ಸೀಮೆಸುಣ್ಣ. ಅಪ್ಪನ ಮುಖ ನೋಡಿದ ಕೂಡಲೇ ಅವರಿಗೆ ವಿಷಯ ತಿಳಿಯಿತು.

"ಯಜಮಾನ್ರ, ನಿಮ್ಮ ಮಗಳು ಲಿಂಗ ಕಟ್ಟಿಕೊಂಡು ಬಂದಾಳ, ಲಿಂಗ ಕಟ್ಟಿಕೊಂಡೇ ಮನಿಗೆ ಬರ್ತಾಳ. ಅದರ ಜವಾಬ್ದಾರಿ ನಂದು. ಪಾಠ ಚಲೋ ಮಾಡೋ ಜವಾಬ್ದಾರಿ ಆಕಿದು."

ಅಪ್ಪ ಕೈಮುಗಿದು ಹೋದರು. ನಾನು ಅಲ್ಲಿದ್ದಷ್ಟು ವರ್ಷವೂ ಆ ಮಾತು ಸುಳ್ಳಾಗಲಿಲ್ಲ.

ಅಕ್ಕೋರು ಭೂಗೋಳ ಮತ್ತು ಬೈಬಲ್ ಪಾಠ ಎರಡನ್ನೂ ಹೇಳುತ್ತಿದ್ದರು. ಅವರಿಗೆ ಅಂದಾಜು ಅಂದರೆ ಆಗದು. "ಸುಮಾರು" ಅನ್ನುವ ಶಬ್ದ ಯಾರ ಬಾಯಿಂದ ಬಂದರೂ, "ಸುಮಾರು ಬ್ಯಾಡ, ಅಳತಿ ಹೇಳು" ಅನ್ನುತ್ತಿದ್ದರು. ಕಂಡದ್ದನ್ನೆಲ್ಲ ಗೇಣು ಹಾಕಿ ಅಳೆಯುವ ಚಾಳಿ. ಬೋರ್ಡು, ಬೆಂಚು, ಕಿಟಕಿ, ಹೊಸದಾಗಿ ಸೇರಿದ ಹುಡುಗಿಯ ಜಡೆ. ಭಾನುವಾರ ಚರ್ಚು ಬಿಟ್ಟ ಮೇಲೆ ಕೌಲ್ ಬಜಾರಿನಿಂದ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತರಿಸಿ ಹಾಸ್ಟೆಲಿನ ಹುಡುಗಿಯರಿಗೆಲ್ಲ ಹಂಚುವಾಗ ಮಾತ್ರ ಅವರ ಅಳತೆ ತಪ್ಪುತ್ತಿತ್ತು. ತಮಗೆ ಏನೂ ಉಳಿಯುತ್ತಿರಲಿಲ್ಲ.

ಅವರ ತರಗತಿಯ ಗೋಡೆಗೆ ಒಂದು ಬಟ್ಟೆಯ ಪಟ್ಟಿ ಇತ್ತು. ಬಳ್ಳಾರಿಯಲ್ಲಿ ಆಗ ಓದಿದ ಹೆಣ್ಣುಮಕ್ಕಳು ಆ ಪಟ್ಟಿಯನ್ನು ಮರೆತಿರಲಾರರು. ಬಿಳೀ ಬಟ್ಟೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಜೋಡಿಸಿ ಹೊಲಿದು, ಮೂರು ಗೋಡೆ ಸುತ್ತುವಷ್ಟು ಉದ್ದ ಮಾಡಿದ್ದರು. ನೂರು ವರ್ಷಕ್ಕೆ ಒಂದು ಗೇಣು. ಬಾಗಿಲ ಎಡಗಡೆ ಹಸಿರು ದಾರದಲ್ಲಿ ಒಂದು ಮರ, ಅದೇ ಏದೆನ್ ತೋಟ, ಭೂಮಿ ಹುಟ್ಟಿದ ವಾರ. ಮುಂದೆ ನೋಹನ ಹಡಗು, ಅಬ್ರಹಾಮನ ಡೇರೆ, ಕೆಂಪು ದಾರದ ಶಿಲುಬೆ. ಅದಾದ ಮೇಲೆ ಹಂಪಿಯ ಗೋಪುರ, ಬಳ್ಳಾರಿಯ ಕೋಟೆ. ನಲವತ್ತೇಳರ ಆಗಸ್ಟಿನಲ್ಲಿ ಅವರೇ ಸ್ಟೂಲು ಹತ್ತಿ ನಿಂತು ಬಾಗಿಲ ಬಲಗಡೆಯ ತುದಿಗೆ ಮೂರು ಬಣ್ಣದ ಧ್ವಜ ಹೊಲಿದರು. ಮರದಿಂದ ಧ್ವಜದವರೆಗೆ ಒಟ್ಟು ಅರವತ್ತು ಗೇಣಿಗೆ ಅರ್ಧ ಗೇಣು ಕಡಿಮೆ.

ಆ ಲೆಕ್ಕ ಅವರ ಸ್ವಂತದ್ದಲ್ಲ. ಅವರ ತಂದೆ ಉಪದೇಶಿಯಾಗಿದ್ದರು, ಅಂದರೆ ಹಳ್ಳಿಹಳ್ಳಿ ತಿರುಗಿ ಬೈಬಲ್ ಹೇಳುವ ಕೆಲಸ. ಅವರಿಗೆ ಯಾರೋ ಪಾದ್ರಿ ಕೊಟ್ಟಿದ್ದ ಒಂದು ಇಂಗ್ಲಿಷ್ ಬೈಬಲ್ ಅಕ್ಕೋರ ಹತ್ತಿರ ಬಂದಿತ್ತು. ಅದರ ಮೊದಲ ಪುಟದ ಅಂಚಿನಲ್ಲಿ, ಕ್ರಿಸ್ತ ಹುಟ್ಟುವ ನಾಲ್ಕು ಸಾವಿರದ ನಾಲ್ಕು ವರ್ಷ ಮುಂಚೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಹಿಂದೆ ಯಾವನೋ ಬಿಷಪ್ಪು ವಂಶಾವಳಿಗಳನ್ನೆಲ್ಲ ಕೂಡಿಸಿ ತೆಗೆದ ಲೆಕ್ಕವಂತೆ. ಅಕ್ಕೋರು ಅದೇ ಅಂಕಿ ಹಿಡಿದು ಗೇಣು ಹಾಕಿದ್ದರು. ಇಂಥದೇ ಇನ್ನೊಂದು ಪಟ್ಟಿಯನ್ನು ತಮ್ಮನಿಗೂ ಹೊಲಿದುಕೊಟ್ಟಿದ್ದರು. ತಂದೆ ಸತ್ತ ಮೇಲೆ ಅಕ್ಕೋರೇ ಸಾಕಿ ಓದಿಸಿದ ತಮ್ಮ ಅವನು. ಆಗ ಸಿರುಗುಪ್ಪದಲ್ಲಿ ಉಪದೇಶಿ. ತೆಕ್ಕಲಕೋಟೆ, ಕರೂರು ಎಂದು ಸುತ್ತಲ ಊರುಗಳಲ್ಲಿ ಪಟ್ಟಿ ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿ ಪ್ರಸಂಗ ಮಾಡುತ್ತಾನೆ ಎಂದು ಅಕ್ಕೋರು ಹೆಮ್ಮೆಯಿಂದ ಹೇಳುತ್ತಿದ್ದರು.

ಒಮ್ಮೆ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ನಾನು ಕೊಂಚ ಜಂಬದಿಂದ ಅಂದೆ: "ಅಕ್ಕೋರ, ನಿಮ್ಮದು ಬರೀ ಆರು ಸಾವಿರ ವರ್ಷ. ನಮ್ಮಲ್ಲಿ ಒಂದೊಂದು ಯುಗಕ್ಕೂ ಲಕ್ಷಗಟ್ಟಲೆ ವರ್ಷ."

ಅವರು ರೊಟ್ಟಿ ಮುರಿಯುತ್ತ ನಿಧಾನವಾಗಿ ಕೇಳಿದರು. "ಹೌದೇನವ್ವಾ. ಯಾರು ಎಣಿಸಿದ್ರು?"

"ಪುರಾಣದಲ್ಲಿದೆ."

"ನಂದೂ ಅಂಚಿನಾಗ ಐತಿ. ನೀ ಎಣಿಸಿಲ್ಲ, ನಾ ಎಣಿಸಿಲ್ಲ. ಶೇಂಗಾ ಚಟ್ನಿ ಹಾಕ್ಕೋ."

ಒಂದನೆಯ ಫಾರಮ್ಮಿನಲ್ಲಿ, ಅಂದರೆ ಈಗಿನ ಆರನೇ ತರಗತಿಯಲ್ಲಿ, ಸಂಗನಕಲ್ಲಿನಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವರೂರ ಗುಡ್ಡದಲ್ಲಿ ಆಗ ಹಳೇ ಕಾಲದ ವಸ್ತು ಹುಡುಕಿ ಅಗೆಯುತ್ತಿದ್ದರು. ಅವಳ ಅಪ್ಪ ಅಲ್ಲಿ ಕೂಲಿಗೆ ಹೋಗುತ್ತಿದ್ದ. ಒಂದು ದಿನ ಅವಳು ನುಣ್ಣಗೆ ಉಜ್ಜಿದ ಕರೀ ಕಲ್ಲಿನ ಕೊಡಲಿಯೊಂದನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಹೊಲದಲ್ಲಿ ಸಿಕ್ಕದ್ದು, ಮನೆಯಲ್ಲಿ ಸಿಡಿಲಿನ ಕಲ್ಲೆಂದು ದೇವರ ಮುಂದಿಟ್ಟದ್ದು. ಅದನ್ನು ಪಟ್ಟಿಯಲ್ಲಿ ಎಲ್ಲಿ ಹೊಲಿಯಬೇಕೆಂದು ಅವಳು ಅಕ್ಕೋರನ್ನು ಕೇಳಿದಳು. ಅಕ್ಕೋರು ಕೊಡಲಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಅಗಿಯೋರನ್ನ ಕೇಳಿ ಬರ್ತೀನಿ" ಅಂದರು.

ಶನಿವಾರ ನಾವಿಬ್ಬರೂ ಜಟಕಾ ಮಾಡಿಕೊಂಡು ಹೋದೆವು. ಗುಡ್ಡದ ಬುಡದಲ್ಲಿ ಚೌಕವಾಗಿ ಕಡಿದ ಗುಂಡಿ. ಗೋಡೆಯಲ್ಲಿ ಮಣ್ಣಿನ ಪದರಗಳು ಒಂದರ ಕೆಳಗೊಂದು, ಬೂದಿ ಬಣ್ಣ, ಕಪ್ಪು, ಕೆಂಪು. ಅಗೆತ ನೋಡಿಕೊಳ್ಳುತ್ತಿದ್ದವನು ಖಾಕಿ ಚಡ್ಡಿ ಹಾಕಿದ್ದ ಒಬ್ಬ ಯುವಕ. ಸಭ್ಯ, ಕನ್ನಡ ಮಾತಾಡುತ್ತ ಅರ್ಧಕ್ಕೆ ತೆಲುಗಿಗೆ ಜಾರುತ್ತಿದ್ದ. ಕೊಡಲಿ ನೋಡಿ ಇದು ಸಿಡಿಲಿನದಲ್ಲ, ಮನುಷ್ಯರು ಮಾಡಿದ್ದು, ಮೂರು ನಾಲ್ಕು ಸಾವಿರ ವರ್ಷ ಆಗಿರಬಹುದು ಅಂದ.

ಅಕ್ಕೋರ ಮುಖ ಅರಳಿತು. "ಹಂಗಾದ್ರ ನಮ್ಮ ಪಟ್ಟಿಯೊಳಗ ಕೂಡ್ತೈತಿ."

ಯಾವ ಪಟ್ಟಿ ಎಂದು ಆತ ಕೇಳಿದ. ಅವರು ಹೇಳಿದರು. ಆತ ನಗಲಿಲ್ಲ. ಅವರನ್ನು ಗುಂಡಿಯ ಅಂಚಿಗೆ ಕರೆದೊಯ್ದು ತಳದ ಕೆಂಪು ಪದರ ತೋರಿಸಿದ. ಅಲ್ಲಿ ಮಡಿಕೆ ಇಲ್ಲ, ಕೊಡಲಿ ಇಲ್ಲ, ಬರೀ ಕಲ್ಲಿನ ಚಕ್ಕೆಗಳು. ಅದರ ಮೇಲೆ ಯಾರೂ ವಾಸವಿರದಿದ್ದಾಗ ಕೂತ ಮಣ್ಣು ಗೇಣುಗಟ್ಟಲೆ ಇದೆ. "ಈ ಕೆಳಗಿನದು ಬಹಳ ಹಳೇದಮ್ಮಾ. ಎಂಟು ಸಾವಿರವೋ, ಹತ್ತು ಸಾವಿರವೋ."

"ಅಂದಾಜೋ, ಅಳತಿಯೋ?"

ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂದಾಜೇ. ಅಳೆಯೋಕೆ ನಮ್ಮ ಹತ್ರ ದಾರಿ ಇಲ್ಲ. ಅಮೆರಿಕದಲ್ಲಿ ಯಾರೋ ಹಳೇ ಇದ್ದಲಿನಿಂದ ವಯಸ್ಸು ಕಂಡುಹಿಡಿಯೋದಕ್ಕೆ ನೋಡ್ತಿದ್ದಾರಂತೆ. ಅದು ಆದರೆ ಆಗ ಅಳತೆ."

"ಆದಾಗ ನನಗ ತಿಳಿಸ್ರಿ" ಎಂದು ಅಕ್ಕೋರು ಅವನ ನೋಟ್‌ಬುಕ್ಕಿನಲ್ಲಿ ತಾವೇ ತಮ್ಮ ವಿಳಾಸ ಬರೆದರು. ಜಟಕಾದಲ್ಲಿ ವಾಪಸು ಊರು ಹತ್ತಿರ ಬಂದಾಗ, "ಹುಡುಗ ಚಲೋ ಅದಾನ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ" ಅಂದರು.

ಕೊಡಲಿಯ ಚಿತ್ರ ಅಬ್ರಹಾಮನ ಡೇರೆಯ ಹತ್ತಿರ ಪಟ್ಟಿಗೇರಿತು. ಮೂರು ವರ್ಷ ಕಳೆಯಿತು. ನಾನು ಆ ಯುವಕನನ್ನು ಮರೆತೇಬಿಟ್ಟಿದ್ದೆ. ಆತ ಮರೆತಿರಲಿಲ್ಲ. ಐವತ್ತೊಂದರಲ್ಲಿ ದಪ್ಪ ಲಕೋಟೆಯೊಂದು ಬಂತು. ಒಳಗೆ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ತುಂಡು, ಜತೆಗೆ ಅವನ ಕೈಬರಹದಲ್ಲಿ ನಾಲ್ಕು ಪುಟ.

ಮಾರನೆಯ ದಿನದಿಂದ ಅಕ್ಕೋರು ಶಾಲೆಗೆ ಬರಲಿಲ್ಲ. ಜ್ವರ ಎಂದು ಚೀಟಿ ಕಳಿಸಿದ್ದರು. ಅವರು ರಜೆ ಹಾಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಲು ಹೋದೆ. ಹಾಸ್ಟೆಲಿನ ಮೂಲೆಯ ಅವರ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು, ಮಡಿಲಲ್ಲಿ ತಂದೆಯ ಬೈಬಲ್. ಜ್ವರ ಇರಲಿಲ್ಲ.

"ಕೂಡವ್ವಾ" ಅಂದರು. "ಆ ಹುಡುಗ ಬರದಾನ. ಅಳತಿ ಸಿಕ್ಕೈತಂತ. ನಮ್ಮ ಗುಡ್ಡದ್ದು ಇನ್ನೂ ನೋಡಿಲ್ಲ. ಆದ್ರ ಬ್ಯಾರೆ ಕಡೆ ಸಿಕ್ಕ ಕಟಿಗಿ, ಇದ್ದಲಿ ನೋಡ್ಯಾರ. ಹತ್ತು ಸಾವಿರ ವರ್ಷ ದಾಟಿದ ಗಿಡ ಐತಂತ. ಅರವತ್ತು ಗೇಣಿನ ಆಚಿ."

"ಅವರ ಲೆಕ್ಕ ತಪ್ಪಿರಬಹುದಲ್ಲ ಅಕ್ಕೋರ."

"ನಾನೂ ಹಂಗಾ ಅನ್ಕೊಂಡೆ. ಮೂರು ದಿನ ಅದನ್ನಾ ಅನ್ಕೊಂಡು ಮಲಗಿದ್ದೆ. ಆದ್ರ ಅವರು ಮೊದಲು ವಯಸ್ಸು ಗೊತ್ತಿದ್ದ ಕಟಿಗಿ ಮ್ಯಾಲ ಪರೀಕ್ಷೆ ಮಾಡ್ಯಾರ. ಐಗುಪ್ತ, ನೀವು ಈಜಿಪ್ಟ್ ಅಂತೀರಲ್ಲ, ಅಲ್ಲಿ ಅರಸರ ಗೋರಿಯೊಳಗಿನ ಕಟಿಗಿ. ಅಲ್ಲಿ ಸರಿ ಬಂದೈತಿ. ತಕ್ಕಡಿ ಸರಿ ಐತಿ ಅಂತ ನೋಡಿಕೊಂಡಾ ತೂಗ್ಯಾರ." ಹೆಬ್ಬೆರಳು ನಾಲಗೆಗೆ ತಾಕಿಸಿ ಬೈಬಲ್ಲಿನ ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. "ಮೂರು ದಿನ ಇದನ್ನ ಮುಟ್ಟಲಿಲ್ಲ. ತೆಗೆದ್ರ ಎಲ್ಲಾ ಹೋಗಿಬಿಡ್ತೈತಿ ಅಂತ ಹೆದರಿಕಿ. ಇವತ್ತು ತೆಗೆದೆ. ನೋಡು. ದೇವರು ಮಾಡಿದ ಅಂತ ಬರದೈತಿ. ಯಾವಾಗ ಅಂತ ಆ ಸಾಲಿನಾಗ ಇಲ್ಲ. ಅಂಕಿ ಇರೋದು ಅಂಚಿನಾಗ. ಅಂಚು ದೇವರ ಮಾತಲ್ಲ, ಅಚ್ಚು ಹಾಕಿದೋರದು. ಐವತ್ತು ವರ್ಷ ಓದೀನಿ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ."

ಹೇಳುತ್ತ ಹೇಳುತ್ತ ಅತ್ತರು. ಕಳೆದುಕೊಂಡದ್ದಕ್ಕೋ ಉಳಿದದ್ದಕ್ಕೋ ನನಗೆ ತಿಳಿಯಲಿಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ನಾಲ್ಕನೇ ಫಾರಮ್ಮಿನಲ್ಲಿ ಅವರ ಪಾಠ. ಪಕ್ಕದ ತರಗತಿ ನನ್ನದು, ನಡುವೆ ಬರೀ ತಟ್ಟಿ. ನನ್ನ ಹುಡುಗಿಯರನ್ನು ಬರೆಯಲು ಕೂರಿಸಿ ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅಂದು ಹಾಜರಿದ್ದವರು ನಲವತ್ತೊಂದು. ಆ ವೇಳೆಗೆ ನಾಲ್ಕನೇ ಫಾರಮ್ಮು ಮುಟ್ಟಿದ್ದ ಸಂಗನಕಲ್ಲಿನ ಹುಡುಗಿಯನ್ನು ವರಾಂಡಕ್ಕೆ ಕಳಿಸಿ ಕಿವಿ ಮುಚ್ಚಿಕೊಂಡು ನಿಲ್ಲಲು ಹೇಳಿದರು. ಉಳಿದ ನಲವತ್ತು ಮಂದಿಯನ್ನು ಎದ್ದು ನಿಲ್ಲಿಸಿದರು.

"ಗಿಡ ಬದುಕಿದ್ದಾಗ ಗಾಳಿ ತಿಂತೈತಿ. ಆ ಗಾಳಿಯೊಳಗ ಒಂದು ನಮೂನಿ ಇಂಗಾಲ ಇರ್ತೈತಿ, ಬಹಳ ಸ್ವಲ್ಪ. ಅದು ಸುಮ್ಮನ ಇರೋದಲ್ಲ, ಕರಗಿ ಹೋಗೋದು. ಗಿಡ ಬದುಕಿರೋತನಕ ಹೊಸದು ಒಳಗ ಬರ್ತಾ ಇರ್ತೈತಿ. ಗಿಡ ಸತ್ತ ದಿನ ಬರೋದು ನಿಂತುಬಿಡ್ತು. ಒಳಗಿದ್ದದ್ದು ಕರಗಿಕೊಂತ ಹೋಗ್ತೈತಿ. ನಾನು ಒಂದು ಚಪ್ಪಾಳಿ ಹೊಡದ್ರ ಐದೂವರೆ ಸಾವಿರ ವರ್ಷಕ್ಕಿಂತ ತುಸು ಹೆಚ್ಚು. ಒಂದೊಂದು ಚಪ್ಪಾಳಿಗೂ ನಿಂತವರಾಗ ಅರ್ಧ ಮಂದಿ ಕೂಡಬೇಕು."

ಒಂದು ಚಪ್ಪಾಳೆ. ಇಪ್ಪತ್ತು ಮಂದಿ ಕೂತರು. ಇನ್ನೊಂದು. ಹತ್ತು ಮಂದಿ. ಇನ್ನೊಂದು. ಐದು ಹುಡುಗಿಯರು ನಿಂತೇ ಉಳಿದರು. ವರಾಂಡದಲ್ಲಿದ್ದವಳನ್ನು ಒಳಗೆ ಕರೆದರು.

"ನೀನು ಇಲ್ಲಿರಲಿಲ್ಲ. ಮೊದ್ಲು ನಲವತ್ತು ಮಂದಿ ನಿಂತಿದ್ರು. ಈಗ ನಿಂತವರನ್ನ ಎಣಿಸಿ ಹೇಳು, ನಾನು ಎಷ್ಟು ಸಲ ಚಪ್ಪಾಳಿ ಹೊಡದೆ?"

ಅವಳು ಬೆರಳು ಮಡಿಚಿದಳು. "ಮೂರು ಸಲ್ರೀ, ಅಕ್ಕೋರ."

"ನೀ ನೋಡಿದಿಯೇನು?"

"ಇಲ್ರೀ. ಉಳಿದಿದ್ದು ನೋಡಿದ್ರ ತಿಳೀತೈತಿ."

"ಅಷ್ಟಾ. ಅವರು ಮಾಡಿದ್ದೂ ಅಷ್ಟಾ."

ಹುಡುಗಿಯರು ಗುಸುಗುಸು ಲೆಕ್ಕ ಹಾಕತೊಡಗಿದರು. ಮುಂದಿನ ಸಾಲಿನ ಒಬ್ಬಳು ಗೋಡೆಯ ಪಟ್ಟಿ ನೋಡಿ, ಕೈ ಎತ್ತಿ ಕೇಳಿದಳು. "ಅಕ್ಕೋರ, ಮೂರು ಚಪ್ಪಾಳಿ ಅಂದ್ರ ಹದಿನಾರು ಸಾವಿರ ಮ್ಯಾಲಾತು. ಪಟ್ಟಿ ಸಾಲಂಗಿಲ್ಲಲ್ರೀ."

ಅಕ್ಕೋರು ಪಟ್ಟಿಯ ಕಡೆ ತಿರುಗಿ, ಹಸಿರು ಮರದ ಮೇಲೆ ಕೈಯಿಟ್ಟು ನಿಂತರು.

"ಹೌದು" ಅಂದರು. "ಸಾಲಂಗಿಲ್ಲ."

ವಾರದೊಳಗೆ ಸುದ್ದಿ ಚರ್ಚಿನ ಹಿರಿಯರಿಗೆ ಮುಟ್ಟಿತು. ಬೈಬಲ್ ಸುಳ್ಳೆಂದು ಅಕ್ಕೋರು ಮಕ್ಕಳಿಗೆ ಹೇಳಿದ್ದಾರೆ, ಅದೂ ಹಿಂದೂ ಮಕ್ಕಳೆದುರಿಗೆ, ಎಂದು ಯಾರೋ ದೂರಿದ್ದರು. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಅದಕ್ಕಿಂತ ದೊಡ್ಡದು, ಹುಟ್ಟಿದಾಗಿನಿಂದ ಕೂತ ಚರ್ಚಿನ ಬೆಂಚು ಹೋಗುತ್ತಿತ್ತು.

ಸಭೆ ಚರ್ಚಿನ ಪಕ್ಕದ ಕೋಣೆಯಲ್ಲಿ. ಏಳು ಮಂದಿ ಹಿರಿಯರು. ಅಧ್ಯಕ್ಷರು ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು, ಕೋಟಿನ ಮೇಲೆ ಇನ್ನೂ ಗಡಿಯಾರದ ಸರಪಳಿ. ಸಿರುಗುಪ್ಪದಿಂದ ತಮ್ಮನನ್ನೂ ಕರೆಸಿದ್ದರು. ಪಕ್ಕದ ತರಗತಿಯವಳೆಂದು ಸಾಕ್ಷಿಗೆ ನನ್ನನ್ನು ಕರೆದರು. ನಾನು ಹೊರಗಿನವಳು, ಜೂನಿಯರು, ನನ್ನ ಕೆಲಸವೂ ಅವರ ಕೈಯಲ್ಲಿತ್ತು.

"ಬೈಬಲ್ ಸುಳ್ಳು ಅಂತ ಇವರು ಅಂದದ್ದನ್ನ ನೀವು ಕೇಳಿದ್ರೇನಮ್ಮಾ?" ಅಧ್ಯಕ್ಷರು ಕೇಳಿದರು.

"ಇಲ್ಲ. 'ಪಟ್ಟಿ ಸಾಲಂಗಿಲ್ಲ' ಅಂದದ್ದನ್ನ ಕೇಳಿದೆ."

"ಅಷ್ಟೇನಾ?"

"ಅಷ್ಟೇ. ಬೈಬಲ್ ಹೆಸರನ್ನೇ ಎತ್ತಲಿಲ್ಲ."

ನನ್ನನ್ನು ಕೂರಲು ಹೇಳಿದರು. ಅಕ್ಕೋರು ಎದ್ದು ಆ ಯುವಕನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಇಂಗ್ಲಿಷ್ ಓದಿ, ಕನ್ನಡ ಹೇಳಿ. ಯಾರೂ ಅಡ್ಡ ಬರಲಿಲ್ಲ. ಮುಗಿದ ಮೇಲೆ ಮೊದಲು ಮಾತಾಡಿದವನು ತಮ್ಮನೇ.

"ಅಕ್ಕಾ, ನಿನ್ನ ಪಟ್ಟಿ ನಂಬಿ ನಾನು ಇಪ್ಪತ್ತು ವರ್ಷ ಬಿಸಿಲಾಗ ತಿರುಗೀನಿ. ಅದು ತಪ್ಪಂದ್ರ, ನಾ ಹೇಳಿದ ಉಳಿದ ಮಾತನ್ನ ಮಂದಿ ಹೆಂಗ ನಂಬ್ತಾರ?"

"ತಪ್ಪಂತ ಬ್ಯಾರೆಯವರು ಹೇಳಿದ್ರ ನಂಬಲಿಕ್ಕಿಲ್ಲ. ನಾವಾ ಹೇಳಿದ್ರ ನಂಬ್ತಾರ. ಪಟ್ಟಿ ಹೊಲಿದಾಕಿ ನಾನು, ತಪ್ಪು ನಂದು. ನಿಂದಲ್ಲ, ದೇವರದ್ದಲ್ಲ."

"ಪಾದ್ರಿಗಳು ಅಪ್ಪಗ ಕೊಟ್ಟ ಪುಸ್ತಕ ಅದು. ಅವರು ಸುಳ್ಳು ಕೊಟ್ರೇನು?"

ಆಗ ಅಕ್ಕೋರು ತಮ್ಮ ತಾಯಿಯ ಕಥೆ ಹೇಳಿದರು. ತಮ್ಮನಿಗೂ ಗೊತ್ತಿದ್ದದ್ದೇ. ಆದರೂ ಅವನ ಮುಖ ನೋಡಿಕೊಂಡೇ ಹೇಳಿದರು. ಧಾತು ಸಂವತ್ಸರದ, ಅಂದರೆ ಹದಿನೆಂಟುನೂರ ಎಪ್ಪತ್ತಾರರ, ದೊಡ್ಡ ಬರದಲ್ಲಿ ಸಿರುಗುಪ್ಪದ ದಾರಿಯಲ್ಲಿ ಒಂದು ಹೆಣ್ಣುಕೂಸು ಸಿಕ್ಕಿತು. ಹೆಸರು ಹೇಳುತ್ತಿತ್ತು, ವಯಸ್ಸು ಹೇಳಲು ಬರುತ್ತಿರಲಿಲ್ಲ. ಬಳ್ಳಾರಿಯ ಅನಾಥಾಲಯದಲ್ಲಿ ಪಾದ್ರಿ ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಎತ್ತರ ನೋಡಿ, ಐದು ವರ್ಷ ಎಂದು ರಿಜಿಸ್ಟರಿನಲ್ಲಿ ಬರೆದರು. ಅದೇ ವಯಸ್ಸಿನ ಲೆಕ್ಕದಲ್ಲಿ ಅವಳ ಓದು, ಮದುವೆ ಎಲ್ಲ ನಡೆಯಿತು. ಎಷ್ಟೋ ವರ್ಷದ ಮೇಲೆ ಕರೂರಿನಿಂದ ಮುದುಕಿಯೊಬ್ಬಳು ಹುಡುಕಿಕೊಂಡು ಬಂದಳು, ಸೋದರತ್ತೆ. ಕೂಸು ಹುಟ್ಟಿದ ವರ್ಷ ಯಾವ ಬೆಳೆ, ಹೊಳೆಗೆ ಎಷ್ಟು ನೀರು, ಎಲ್ಲ ಹೇಳಿದಳು. ಎಣಿಸಿ ನೋಡಿದರೆ ಬರದಲ್ಲಿ ಸಿಕ್ಕಾಗ ಅವಳಿಗೆ ಎಂಟು. ಹಸಿವಿನಿಂದ ಮೈ ಬೆಳೆದಿರಲಿಲ್ಲ.

"ಅವ್ವ ಏನಂದಳು, ನೆನಪೈತೇನು?" ಅಕ್ಕೋರು ತಮ್ಮನನ್ನು ಕೇಳಿದರು. "'ನನಗ ಮೂರು ವರ್ಷ ಸಿಕ್ಕವು' ಅಂತ ನಕ್ಕಳು. ಪಾದ್ರಿ ಸುಳ್ಳು ಬರದ್ರು ಅನ್ನಲಿಲ್ಲ. ಅವರು ನೋಡಿದ್ದಷ್ಟು ಬರದಿದ್ರು, ಪ್ರೀತಿಯಿಂದ ಬರದಿದ್ರು. ಆದ್ರ ಅತ್ತಿ ಬಂದು ಹೇಳಿದ ಮ್ಯಾಲೂ ಐದಾ ಅಂತ ಹಟ ಹಿಡದಿದ್ರ ಅದು ಸುಳ್ಳಾಗ್ತಿತ್ತು."

ಗಾರ್ಡು ಹಿರಿಯರು ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. ಹಿರಿಯರೆಲ್ಲ ಬಹಳ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತೀರ್ಮಾನ ನಡುಮಧ್ಯದ್ದಾಗಿತ್ತು. ಅಕ್ಕೋರು ಕೆಲಸದಲ್ಲಿ ಮುಂದುವರಿಯಬಹುದು, ಭೂಗೋಳ ಹೇಳಬಹುದು. ಬೈಬಲ್ ಪಾಠ ಮಾತ್ರ ಇನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಅದು ಅವರಿಗೆ ಪ್ರಾಣವಾಗಿದ್ದ ಪಾಠ. "ಆಗಲ್ರಿ" ಅಂದರು, ಅಷ್ಟೇ. ಹೊರಗೆ ಬಂದಾಗ ತಮ್ಮ ಆಗಲೇ ಕಂಪೌಂಡು ದಾಟಿ ಹೋಗಿದ್ದ. ಅಕ್ಕನಿಗೆ ಹೇಳಿ ಹೋಗಿರಲಿಲ್ಲ.

ಆ ಕೊನೆಯ ವರ್ಷ ಅವರು ಕುಂದಿದರೆಂದು ಯಾರಾದರೂ ಅಂದುಕೊಂಡರೆ ತಪ್ಪು. ಅವರು ಪಟ್ಟಿಯನ್ನು ಬಿಚ್ಚಿ ಎಸೆಯಲಿಲ್ಲ. ಹಸಿರು ಮರದ ಹೊಲಿಗೆಯನ್ನು ಮಾತ್ರ ಬಿಡಿಸಿ, ಅದರ ಎಡಗಡೆ ಖಾಲಿ ಬಟ್ಟೆ ಜೋಡಿಸುತ್ತ ಹೋದರು. ಬಟ್ಟೆ ಬಾಗಿಲು ದಾಟಿ ವರಾಂಡಕ್ಕೆ ಬಂತು. ಎಲ್ಲಿಯವರೆಗೆ ಎಂದು ಹುಡುಗಿಯರು ಕೇಳಿದರೆ, "ಬಟ್ಟಿ ಇರೋತನಕ. ಆಮ್ಯಾಲ ನೀವು ಹೊಲೀರಿ" ಅನ್ನುತ್ತಿದ್ದರು. ಭಾನುವಾರ ಮೊದಲಿನಂತೆ ಚರ್ಚಿಗೆ ಹೋಗುತ್ತಿದ್ದರು, ಮೊದಲಿನ ಬೆಂಚಿನಲ್ಲೇ ಕೂರುತ್ತಿದ್ದರು. ಆರಂಭದಲ್ಲಿ ಪಕ್ಕ ಖಾಲಿ ಇರುತ್ತಿತ್ತಂತೆ. ಕ್ರಿಸ್‌ಮಸ್ ಹೊತ್ತಿಗೆ ಗಾರ್ಡು ಹಿರಿಯರ ಹೆಂಡತಿ ಬಂದು ಕೂತರಂತೆ. ತಮ್ಮನಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಉತ್ತರ ಬರುತ್ತಿರಲಿಲ್ಲ.

ಐವತ್ತೆರಡರ ಬೇಸಿಗೆಯಲ್ಲಿ ನಿವೃತ್ತರಾದರು. ಹೋಗಲು ಇದ್ದದ್ದು ತಮ್ಮನ ಮನೆಯೊಂದೇ. "ಬಾಗಿಲು ತೆಗೀತಾನೋ ಇಲ್ಲೋ ನೋಡಬೇಕು" ಎಂದು ಟ್ರಂಕು ಕಟ್ಟುತ್ತ ಹೇಳಿದರು. ನಾನೂ ಹೊರಟೆ. ಮೊದಲ ದಿನ ಕುರುಗೋಡಿನಲ್ಲಿ ನಮ್ಮ ಮನೆಯಲ್ಲಿ ಇಳಿದೆವು. ಅಪ್ಪ ಅವರಿಗೆ ಕಂಬಳಿ ಹಾಸಿ ಕೂರಿಸಿದರು, ಆಗ ಊಟ ಬಿಟ್ಟಿದ್ದ ದೊಡ್ಡಪ್ಪ ತಾವೇ ನೀರು ತಂದುಕೊಟ್ಟರು. ನಮ್ಮಜ್ಜಿ ಸಂಗನಕಲ್ಲಿನ ಕಡೆಯ ಬೂದಿದಿಬ್ಬದ ಕಥೆ ತೆಗೆದಳು. ಅಲ್ಲಿ ದೊಡ್ಡ ರಾಕ್ಷಸನೊಬ್ಬನನ್ನು ಸುಟ್ಟರೆಂದು, ಆ ಬೂದಿ ಇನ್ನೂ ಹಾಗೇ ಉಳಿದಿದೆಯೆಂದು. ಅಕ್ಕೋರು ಮಗುವಿನಂತೆ, "ಆಮ್ಯಾಲ ಏನಾತಬೇ?" ಎನ್ನುತ್ತ ಕೇಳಿದರು.

ಬೆಳಿಗ್ಗೆ ಬಸ್ಸು ಕಾಯುವಾಗ ನಾನು ಕೇಳಿದೆ. "ಅಜ್ಜಿಗೆ ಯಾಕೆ ತಿದ್ದಲಿಲ್ಲ?"

"ಕಥಿ ಕಥಿಯಂಗ ಹೇಳಿದಳು. ಅಳತಿ ಅಂತ ಹೇಳಿದ್ರ ತಿದ್ದತಿದ್ದೆ."

ಬಸ್ಸು ತೆಕ್ಕಲಕೋಟೆ ದಾಟಿ ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ. ದಾರಿಯುದ್ದಕ್ಕೂ ತುಂಗಭದ್ರಾ ಡ್ಯಾಮಿನ ಕಾಲುವೆ ತೋಡುವ ಕೆಲಸ ನಡೆದಿತ್ತು. ಸಾವಿರಾರು ಜನ ಮಣ್ಣು ಹೊರುತ್ತಿದ್ದರು. ಉಪದೇಶಿಯ ಮನೆ ಪ್ರಾರ್ಥನಾ ಮಂದಿರದ ಬೆನ್ನಿಗೆ ಇತ್ತು, ಎರಡು ಅಂಕಣದ್ದು. ಕಟ್ಟೆಯ ಮೇಲೆ ತಮ್ಮ ಕೂತಿದ್ದ. ಅಕ್ಕನನ್ನು ಕಂಡು ಎದ್ದು ನಿಂತ. ಉಪದೇಶಿಯ ಹೆಂಡತಿ ಬಂದು ಟ್ರಂಕು ಒಳಗೆ ಒಯ್ದರು.

"ಕಾಗದ ಮುಟ್ಟಿದ್ವೇನು?" ಅಕ್ಕೋರು ಕೇಳಿದರು.

"ಎಲ್ಲಾ ಮುಟ್ಟಿದ್ವು."

"ಉತ್ತರ ಬರಲಿಲ್ಲ."

"ಬರೀಬೇಕಂತ ಕೂಡ್ತಿದ್ದೆ ಅಕ್ಕಾ. ಏನು ಬರೀಬೇಕು ತಿಳೀತಿರಲಿಲ್ಲ." ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಎರಡು ತಿಂಗಳ ಹಿಂದ ಕರೂರು ಕಡೆ ಕಾಲುವಿ ತೋಡೋ ಮಂದಿಗೆ ಪ್ರಸಂಗ ಮಾಡಾಕ ಹೋಗಿದ್ದೆ. ಪಟ್ಟಿ ಗಿಡಕ್ಕ ಕಟ್ಟಿದ್ದೆ. ಒಬ್ಬಾಕಿ, ಮಣ್ಣು ಹೊರೋ ಹೆಣ್ಮಗಳು, ಬುಟ್ಟ್ಯಾಗಿಂದ ಒಂದು ಮಡಿಕಿ ತೆಗೆದು ನನ್ನ ಮುಂದ ಇಟ್ಟಳು. ಭಾಳ ಆಳದಾಗ ಸಿಕ್ಕಿತ್ತು. 'ಅಯ್ಯನೋರ, ಇದನ್ನ ಮಾಡಿದೋರು ನಿಮ್ಮ ಪಟ್ಟ್ಯಾಗ ಎಲ್ಲಿ ಅದಾರ?' ಅಂದಳು. ಯಾವದೋ ಒಂದು ಗೆರಿ ಮ್ಯಾಲ ಕೈ ಇಡಬಹುದಿತ್ತು. ಅಷ್ಟು ಮಂದಿ ನೋಡತಿದ್ರು. ಇಡಾಕ ಕೈ ಬರಲಿಲ್ಲ. 'ನಮ್ಮಕ್ಕನ್ನ ಕೇಳಿ ಹೇಳ್ತೀನಿ' ಅಂದೆ."

ಅವನು ಒಳಗೆ ಹೋಗಿ ಮಂಚದ ಕೆಳಗಿನಿಂದ ಹಳೇ ಧೋತರದಲ್ಲಿ ಸುತ್ತಿದ್ದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ನಡುಮನೆಯ ಚಾಪೆಯ ಮೇಲಿಟ್ಟು ಬಿಚ್ಚಿದ. ಬೂದು ಬಣ್ಣದ ಮಡಿಕೆ, ಕಂಠ ಒಡೆದದ್ದು, ಒಳಗೆ ಮಣ್ಣು ಹಾಗೇ ತುಂಬಿತ್ತು. ಮಣ್ಣಿನ ನಡುವೆ ಕಪ್ಪಗೆ ಚೂರುಗಳು.

"ಇದ್ದಲಿ" ಅಂದರು ಅಕ್ಕೋರು, ಕನ್ನಡಕ ಹಾಕಿಕೊಂಡು ಮಂಡಿಯೂರುತ್ತ.

"ಮುಟ್ಟಿಲ್ಲ ಅಕ್ಕಾ. ಇದ್ದಲಿಗೆ ಕೈ ತಾಕಿಸಬಾರದು ಅಂತ ಆ ಹುಡುಗನ ಕಾಗದದಾಗ ಇತ್ತಲ್ಲ. ನೀ ಸಭಾದಾಗ ಓದಿದಿ."

ಅಕ್ಕೋರು ತಲೆಯೆತ್ತಿ ತಮ್ಮನನ್ನು ನೋಡಿದರು. ಮತ್ತೆ ಮಡಿಕೆಯ ಮೇಲೆ ಬಾಗಿದರು.

"ಎಷ್ಟು ಆಳದಾಗ ಸಿಕ್ತು?"

"ಹಗ್ಗ ಬಿಟ್ಟು ನೋಡೀನಿ. ಹಗ್ಗಕ್ಕ ಗಂಟು ಹಾಕಿ ಇಟ್ಟೀನಿ."

"ಸುತ್ತ ಮಣ್ಣು ಯಾವ ಬಣ್ಣ ಇತ್ತು?"

"ಮ್ಯಾಲ ಕರೀ ಎರಿ. ಕೆಳಗ ಬೂದಿ ಅಂಥದು. ಬರದೀನಿ, ತಾಳು, ವಹಿ ತರ್ತೀನಿ."

ಬಳ್ಳಾರಿಯ ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಹೊರಡುತ್ತೇನೆ ಎಂದೆ. ತಲೆಗೆ ತಲೆ ತಾಕಿಸಿ ಕೂತಿದ್ದ ಅಕ್ಕ ತಮ್ಮ ಇಬ್ಬರಿಗೂ ಅದು ಕೇಳಿಸಲಿಲ್ಲ. ಉಪದೇಶಿಯ ಹೆಂಡತಿ ದಾರಿಗೆಂದು ನಾಲ್ಕು ರೊಟ್ಟಿ ಕಟ್ಟಿಕೊಟ್ಟು, "ಅವರು ಈಗ ಏಳಂಗಿಲ್ಲ, ನೀ ನಡಿಯವ್ವಾ" ಎಂದು ನಗುತ್ತ ಬಸ್ ಸ್ಟಾಂಡಿನವರೆಗೂ ಬಂದರು.